ಹಿಮ ಕರಗುವ ಹೊತ್ತಿಗೆ ಮರದಲ್ಲಿ ಸಿಹಿ

ಪ್ರಶ್ನೆ: ಅಮೆರಿಕದ ವರ್ಮಾಂಟ್ ಹಳ್ಳಿಗಳಲ್ಲಿ ಮೇಪಲ್ ಮರದ ಸಿಹಿ ರಸವನ್ನು ಚಳಿಗಾಲದ ಕೊನೆಯಲ್ಲಷ್ಟೇ ಇಳಿಸುವುದೇಕೆ?

ಉತ್ತರ: ಬೇಸಿಗೆಯಲ್ಲಿ ಎಲೆಗಳು ತಯಾರಿಸಿದ ಆಹಾರ ಮರದೊಳಗೆ ಪಿಷ್ಟವಾಗಿ ಉಳಿದು, ಚಳಿಗೆ ಸಕ್ಕರೆಯಾಗುತ್ತದೆ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಅಲ್ಲಿ ರಾತ್ರಿ ಉಷ್ಣಾಂಶ ಸೊನ್ನೆಗಿಂತ ಕೆಳಗೆ, ಹಗಲು ಮೇಲೆ. ರಾತ್ರಿ ಹೆಪ್ಪುಗಟ್ಟುವಾಗ ಮರ ಬೇರಿನಿಂದ ನೀರು ಎಳೆದುಕೊಳ್ಳುತ್ತದೆ. ಹಗಲು ಕರಗಿದಾಗ ಒಳಗಿನ ಒತ್ತಡ ಹೆಚ್ಚಿ, ಕಾಂಡಕ್ಕೆ ಕೊರೆದ ತೂತಿನಿಂದ ರಸ ತೊಟ್ಟಿಕ್ಕುತ್ತದೆ. ನೋಡಲು ತಿಳಿನೀರು, ಸಕ್ಕರೆ ಸುಮಾರು ಶೇ 2 ಮಾತ್ರ. ನಮ್ಮ ಆಲೆಮನೆಯಂತೆ ಅಲ್ಲೂ ಅಗಲ ಬಾಣಲೆಯಲ್ಲಿ, ಮಾಡಿನ ತುಂಬ ಹಬೆ ಏಳುವಂತೆ ಕಾಯಿಸುತ್ತಾರೆ. ಸುಮಾರು 40 ಲೀಟರ್ ರಸ ಬತ್ತಿದರೆ 1 ಲೀಟರ್ ಪಾಕ. ಮೊಗ್ಗು ಬಿರಿಯತೊಡಗಿದರೆ ರಸದ ರುಚಿ ಕೆಡುತ್ತದೆ. ಅಲ್ಲಿಗೆ ಆ ವರ್ಷದ ಸುಗ್ಗಿ ಮುಗಿಯಿತು.