ತಮ್ಮನನ್ನು ಹೊತ್ತ ಅಕ್ಕನ ಓದು

ಮಧ್ಯಾಹ್ನದ ಊಟದ ಗಲಾಟೆಯಡಗಿ ಹೋಟೆಲುಗಳಲ್ಲಿ ಪಾತ್ರೆ ತೊಳೆಯುವ ಸದ್ದೊಂದೇ ಉಳಿದಿರುವ ವೇಳೆಯಲ್ಲಿ, ಹಿಂಬಾಗಿಲ ಮೆಟ್ಟಿಲ ಮೇಲೆ ತಮ್ಮನನ್ನು ಸೊಂಟದಲ್ಲಿರಿಸಿಕೊಂಡು ನಿಂತ ಹತ್ತು ವರ್ಷದ ಹುಡುಗಿಯನ್ನು ಕಾಣದವರು ನಮ್ಮ ವಾಚಕರಲ್ಲಿ ವಿರಳ. ತಾಯಿ ನಾಲ್ಕು ಮನೆಗಳ ಕೆಲಸಕ್ಕೆ ಹೋಗಿರುವಳು. ತಂದೆ ಒಳಗೆ ದೋಸೆಕಲ್ಲಿನ ಮುಂದಿರುವನು. ನಾವು ಹೋಟೆಲು ನಡೆಸುತ್ತಿದ್ದ ದಿನಗಳಲ್ಲಿ ಇಂತಹ ಮಕ್ಕಳ ಕೈಗೆ ಒಂದೊಂದು ವಡೆಯನ್ನಿತ್ತು, ಕರ್ತವ್ಯ ತೀರಿತೆಂದು ಭಾವಿಸುತ್ತಿದ್ದೆವು. ಈ ಹೊತ್ತಿನಲ್ಲಿ ನೀನು ಶಾಲೆಯಲ್ಲಿರಬೇಕಲ್ಲವೆ ಎಂದು ಒಂದು ದಿನವೂ ಕೇಳಲಿಲ್ಲ. ಅಂದು ಕೇಳದ ಆ ಪ್ರಶ್ನೆಯನ್ನು ಇಂದು ಕೇಳಬೇಕಾಗಿದೆ.

ಎಳೆಯ ಮಗುವನ್ನು ನೋಡಿಕೊಳ್ಳುವವರಿಲ್ಲದ ಮನೆಯಲ್ಲಿ ಕೆಡುವುದು ಒಂದು ಮಗುವಿನ ಬಾಳಲ್ಲ, ಎರಡು ಮಕ್ಕಳ ಬಾಳು. ಕಿರಿಯದಕ್ಕೆ ಹೊತ್ತಿಗೆ ತಕ್ಕ ಆಹಾರವಿಲ್ಲ, ಆಟವಿಲ್ಲ, ಕಥೆಯಿಲ್ಲ, ಹಿರಿಯದಕ್ಕೆ ಶಾಲೆಯಿಲ್ಲ.

ಈ ಸತ್ಯವನ್ನು ಮುಂಬಯಿಗೆ ಸಮೀಪದಲ್ಲಿಯೇ ಕಂಡುಕೊಂಡವರು ತಾರಾಬಾಯಿ ಮೋಡಕರು. ಇಂದಿನ ಪಾಲ್ಘರ್ ಜಿಲ್ಲೆಯ ಬೋರ್ಡಿಯಲ್ಲಿ 1945ರಲ್ಲಿ ಅವರು ಅನುತಾಯಿ ವಾಘರೊಡಗೂಡಿ ಬಾಲವಾಡಿಯನ್ನಾರಂಭಿಸಿದರು. ಬಡವರ ಕೇರಿಯ ಮಕ್ಕಳು ಅಲ್ಲಿಗೆ ಬರಲಿಲ್ಲ. ಮಕ್ಕಳು ಬಾರದಿದ್ದರೆ ಶಾಲೆಯೇ ಅವರಲ್ಲಿಗೆ ಹೋಗಲೆಂದು, ಅವರು ಮನೆಗಳ ಅಂಗಳದಲ್ಲಿಯೇ ಪಾಠವನ್ನಿಟ್ಟರು. ಬೆಲೆಬಾಳುವ ಆಟಿಕೆಗಳಿಗೆ ಬದಲಾಗಿ ಎಲೆ, ಬೀಜ, ಚಿಪ್ಪುಗಳೇ ಸಾಮಗ್ರಿಯಾದುವು. ಮುಂದೆ ಕೋಸಬಾಡದ ಗುಡ್ಡದ ಮೇಲೆ ಆದಿವಾಸಿ ಮಕ್ಕಳಿಗಾಗಿ ಶಿಶುಗೃಹ, ಬಾಲವಾಡಿ, ಪ್ರಾಥಮಿಕ ಶಾಲೆಗಳನ್ನು ಒಂದೇ ಆವರಣದಲ್ಲಿ ಕೂಡಿಸಿದರು. ತಮ್ಮನನ್ನು ಹೊತ್ತು ಬಂದ ಅಕ್ಕ ಅವನನ್ನು ಪಕ್ಕದ ಕೋಣೆಯಲ್ಲಿಳಿಸಿ ತಾನು ಓದಲು ಕುಳಿತಳು. ಇದಕ್ಕಿಂತ ಸರಳವಾದ ಪರಿಹಾರವುಂಟೆ?

ದೆಹಲಿಯಲ್ಲಿ 1969ರಲ್ಲಿ ಮೀರಾ ಮಹಾದೇವನ್ ಅವರು ಕಟ್ಟಡ ಕಾರ್ಮಿಕರ ಶಿಶುಗಳು ಬಿಸಿಲಿನಲ್ಲಿ, ಧೂಳಿನಲ್ಲಿ ಮಲಗಿರುವುದನ್ನು ಕಂಡು, ಕೆಲಸದ ಸ್ಥಳದಲ್ಲಿಯೇ ಶಿಶುಗೃಹವನ್ನು ತೆರೆದರು. 1975ನೆಯ ಅಕ್ಟೋಬರ್ 2ರಂದು ಸರಕಾರವು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು 33 ಕಡೆಗಳಲ್ಲಿ ಆರಂಭಿಸಿತು. ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಅವುಗಳಲ್ಲೊಂದೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ. ಇಂದು ದೇಶದ ತುಂಬ ಹಬ್ಬಿರುವ ಅಂಗನವಾಡಿಗಳು ಈ ಯೋಜನೆಯವು.

ಆರು ವರ್ಷದೊಳಗಿನ ಮಕ್ಕಳಿಗೆ ಅಲ್ಲಿ ಪೂರಕ ಆಹಾರ, ಲಸಿಕೆ ಹಾಕಿಸುವ ವ್ಯವಸ್ಥೆ, ಆರೋಗ್ಯ ತಪಾಸಣೆ ದೊರೆಯುತ್ತವೆ. ಮೂರು ವರ್ಷ ತುಂಬಿದವರಿಗೆ ಆಟಪಾಠವೂ ಉಂಟು. ಬಡತನದ ರೇಖೆಯ ಕೆಳಗಿನವರಿಗೆ ಮಾತ್ರವೆಂಬ ನಿಬಂಧನೆ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 2004ರಲ್ಲಿಯೇ ವಿಧಿಸಿದೆ. ಹೀಗಿದ್ದರೂ ನಮ್ಮವರಲ್ಲಿ ಕೆಲವರು, ಅದು ಊರವರಿಗೆ, ಪರಭಾಷಿಕರಾದ ನಮಗಲ್ಲವೆಂದು ಹಿಂಜರಿಯುತ್ತಾರೆ. ಇನ್ನು ಕೆಲವರಿಗೆ ಅದು ಧರ್ಮದನ್ನವೆಂಬ ಸಂಕೋಚ. ಎರಡೂ ಸರಿಯಲ್ಲ. ಅದು ಭಿಕ್ಷೆಯಲ್ಲ, ಮಗುವಿನ ಹಕ್ಕು.

ಶಾಲೆಯ ವಿಷಯದಲ್ಲಿಯೂ ಹಕ್ಕಿದೆ. 2010ನೆಯ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣದ ಹಕ್ಕಿನ ಕಾಯಿದೆಯಂತೆ, ಅಲ್ಪಸಂಖ್ಯಾತರ ಸಂಸ್ಥೆಗಳನ್ನುಳಿದು ಅನುದಾನರಹಿತ ಖಾಸಗಿ ಶಾಲೆಗಳು ಒಂದನೆಯ ತರಗತಿಯಲ್ಲಿ ಕನಿಷ್ಠ ನೂರಕ್ಕೆ 25 ಸ್ಥಾನಗಳನ್ನು ನೆರೆಹೊರೆಯ ದುರ್ಬಲ ವರ್ಗದ ಮಕ್ಕಳಿಗೆ ಶುಲ್ಕವಿಲ್ಲದೆ ಕೊಡಬೇಕು. ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಭಿನ್ನ. ಆದಾಯ, ವಾಸಸ್ಥಳ, ಜನನಗಳ ದಾಖಲೆ ಬೇಕಾಗುತ್ತದೆ, ಅರ್ಜಿಗೆ ಗಡುವಿರುತ್ತದೆ. ಹದಿನಾಲ್ಕು ಗಂಟೆ ದುಡಿಯುವ ಅಡಿಗೆಯವನು ಇದನ್ನೆಲ್ಲ ತಿಳಿಯುವುದೆಂತು?

ಇಲ್ಲಿಯೇ ನಮ್ಮ ಗುಮಾಸ್ತ ಬಂಧುಗಳಲ್ಲಿ ನಮ್ಮ ಮೊದಲ ವಿನಂತಿ. ಹಗಲೆಲ್ಲ ಕಚೇರಿಯಲ್ಲಿ ಪರರ ಕಾಗದಪತ್ರಗಳನ್ನು ತಿದ್ದುವ ನೀವು, ಭಾನುವಾರ ಒಂದು ಗಂಟೆ ನೆರೆಯ ಕಾರ್ಮಿಕನೊಬ್ಬನ ಮಗುವಿನ ಅರ್ಜಿಯನ್ನು ತುಂಬಿಕೊಡಿರಿ. ಅಂಗನವಾಡಿಯ ಬಾಗಿಲವರೆಗೆ ಆ ತಾಯಿಯ ಜೊತೆಗೆ ಹೋಗಿ, ಅಲ್ಲಿಯ ಭಾಷೆಯಲ್ಲಿ ನಾಲ್ಕು ಮಾತನಾಡಿರಿ. ಮೊದಲ ದಿನದ ಅಳುಕು ಹೋದರೆ ಉಳಿದದ್ದು ತಾನಾಗಿ ನಡೆಯುವುದು.

ಎರಡನೆಯ ವಿನಂತಿ ಸಂಘಗಳಲ್ಲಿ. ಅಂಗನವಾಡಿ ದಿನವಿಡೀ ಇರುವುದಿಲ್ಲ. ತಾಯಿ ಮರಳುವುದು ಸಂಜೆಗೆ. ಆ ನಡುವಣ ಹೊತ್ತೇ ಅಕ್ಕನ ಓದನ್ನು ನುಂಗುವ ಹೊತ್ತು. ವಾರ್ಷಿಕೋತ್ಸವಕ್ಕೂ ಯಕ್ಷಗಾನಕ್ಕೂ ತೆರೆಯುವ ನಮ್ಮ ಸಭಾಗೃಹಗಳು ಅಪರಾಹ್ನಗಳಲ್ಲಿ ಬೀಗ ಹಾಕಿಕೊಂಡಿರುತ್ತವೆ. ಒಂದು ಚಾಪೆ, ಕೆಲವು ಕನ್ನಡ ಚಿತ್ರಪುಸ್ತಕಗಳು, ಕಥೆ ಹೇಳಬಲ್ಲ ಅಜ್ಜಿಯೊಬ್ಬರು, ಸಂಬಳ ಕೊಟ್ಟು ನಿಯಮಿಸಿದ ಒಬ್ಬ ನಂಬಿಕೆಯ ಸ್ತ್ರೀ, ಇಷ್ಟಿದ್ದರೆ ಆರಂಭಕ್ಕೆ ಸಾಕು. ತಿಂಡಿಯ ಹೊಣೆಯನ್ನು ಹೋಟೆಲಿನವರು ಸರದಿಯಂತೆ ಹೊತ್ತರೆ ಯಾರಿಗೂ ಭಾರವಾಗದು.

ಹಿಂಬಾಗಿಲಲ್ಲಿ ನಿಂತ ಮಗುವಿಗೆ ವಡೆ ಕೊಡುವ ಕೈ ದೊಡ್ಡದೇ. ಆದರೆ ಅದರ ಸೊಂಟದ ಹೊರೆಯನ್ನಿಳಿಸಿ, ಶಾಲೆಯ ದಾರಿಗೆ ಹಚ್ಚುವ ಕೈ ಅದಕ್ಕಿಂತ ದೊಡ್ಡದು. ನಮ್ಮ ಸಂಘಗಳು ಈ ವರ್ಷದ ಲೆಕ್ಕಪತ್ರದಲ್ಲಿ ಇದಕ್ಕೊಂದು ಬಾಬತ್ತನ್ನು ಸೇರಿಸುವುವೆಂದು ನಂಬುತ್ತೇವೆ.