ವೇಗ ಸೋರಿದ್ದೆಲ್ಲಿ?

ಮೇ ತಿಂಗಳ ಬಿಸಿಲಿನಲ್ಲಿ ಕಲಬುರಗಿಯಿಂದ ಕಮಲಾಪುರಕ್ಕೆ ಹೊರಟ ಕಾರು ನಡುದಾರಿಯಲ್ಲಿ ಸೊರಗಿದರೆ ಮೊದಲ ಬೈಗುಳ ಇಂಜಿನ್ನಿಗೇ. ‘ಕಾದದ, ಪಿಕಪ್ ಹೋಗ್ಯದ’ ಎಂಬ ತೀರ್ಪು ಬಾನೆಟ್ ಎತ್ತುವ ಮೊದಲೇ ಹೊರಬಿದ್ದಿರುತ್ತದೆ. ಈ ಗುಮಾನಿ ಪೂರ್ತಿ ಸುಳ್ಳಲ್ಲ. 20 ಡಿಗ್ರಿಯ ಗಾಳಿಗಿಂತ 43 ಡಿಗ್ರಿಯ ಗಾಳಿ ಸುಮಾರು ಶೇ 7ರಷ್ಟು ತೆಳು. ಇಂಜಿನ್ನಿಗೆ ಸಿಗುವ ಆಮ್ಲಜನಕವೂ ಅಷ್ಟು ಖೋತಾ. ಆದರೆ ಬಿಸಿಲು ಇಡೀ ದಾರಿಗೆ, ಎಲ್ಲ ಗಾಡಿಗಳಿಗೆ ಸಮಾನ. ಇಂಜಿನ್ನೇ ಕುದಿಯುತ್ತಿದ್ದರೆ ತಾಪದ ಮೀಟರಿನ ಮುಳ್ಳು ಹೇಳುತ್ತದೆ. ಮುಳ್ಳು ಸುಮ್ಮನಿದ್ದು ಒಂದೇ ಗಾಡಿ ತಟ್ಟನೆ ಕುಗ್ಗಿದರೆ, ‘ಏನು ಕೆಟ್ಟಿತು’ ಎನ್ನುವ ಮೊದಲು ‘ಎಲ್ಲೆಲ್ಲಿ ಕುಗ್ಗುತ್ತಿದೆ’ ಎಂದು ಕೇಳುವುದೇ ಸರಿಯಾದ ಕ್ರಮ.

ಇದಕ್ಕೆ ಸೊಗಸಾದ ಸಾಕ್ಷಿ 2022ರ ಜುಲೈ 3ರಂದು ಸಿಲ್ವರ್‌ಸ್ಟೋನ್‌ನಲ್ಲಿ ನಡೆದ ಬ್ರಿಟಿಷ್ ಗ್ರ್ಯಾಂಡ್ ಪ್ರಿ ಕಾರ್ ರೇಸ್. ಎಲ್ಲರಿಗಿಂತ ಮುಂದಿದ್ದ ಮ್ಯಾಕ್ಸ್ ವರ್‌ಸ್ಟಾಪನ್ ಅವರ ರೆಡ್ ಬುಲ್ ಕಾರು ಇದ್ದಕ್ಕಿದ್ದಂತೆ ನಿಧಾನವಾಯಿತು. ಟೈರ್ ಪಂಕ್ಚರ್ ಎಂದು ಭಾವಿಸಿ ಪಿಟ್‌ಗೆ ಬಂದು ಟೈರ್ ಬದಲಿಸಿದರು. ವೇಗ ಮರಳಲಿಲ್ಲ. ಆ ಸೋಲೇ ಒಂದು ಪ್ರಯೋಗ: ದೋಷ ಟೈರಿನದಲ್ಲ ಎಂದು ಅದು ತೋರಿಸಿಕೊಟ್ಟಿತು. ಆಲ್ಫಾಟೌರಿ ತಂಡದ ಕಾರುಗಳೆರಡು ಪರಸ್ಪರ ತಾಗಿದಾಗ ಕಿತ್ತುಬಿದ್ದ ತುಣುಕೊಂದು ರೆಡ್ ಬುಲ್‌ನ ತಳದಲ್ಲಿ ಸಿಕ್ಕಿಕೊಂಡಿತ್ತು. ಆ ವರ್ಷದ ಹೊಸ ನಿಯಮದ ಕಾರುಗಳು ನೆಲಕ್ಕೆ ಒತ್ತಿಕೊಳ್ಳುತ್ತಿದ್ದದ್ದೇ ಬಹುಪಾಲು ತಳದ ಸುರಂಗಗಳಲ್ಲಿ ನುಗ್ಗುವ ಗಾಳಿಯಿಂದ. ಗಾಳಿಯ ಹರಿವು ಕೆಟ್ಟರೆ ಹಿಡಿತ ಹೋಗುತ್ತದೆ. ವೇಗ ಇಮ್ಮಡಿಯಾದರೆ ಈ ಒತ್ತು ನಾಲ್ಕು ಪಟ್ಟಾಗುವುದರಿಂದ, ಪೆಟ್ಟು ಕಾಣಿಸುವುದು ವೇಗದ ತಿರುವುಗಳಲ್ಲಿ. ಸಿಲ್ವರ್‌ಸ್ಟೋನ್‌ನಲ್ಲಿ ಅವೇ ಹೆಚ್ಚು. ವರ್‌ಸ್ಟಾಪನ್ ಏಳನೆಯವರಾಗಿ ಮುಗಿಸಿದರು.

ನೂರಾರು ಸೆನ್ಸರ್‌ಗಳಿರುವ ಕಾರಿಗೆ ಇಷ್ಟು ತರ್ಕ ಯಾಕೆ ಎನ್ನಬಹುದು. ಸೆನ್ಸರ್ ತನಗೆ ವಹಿಸಿದ್ದನ್ನು ಮಾತ್ರ ಅಳೆಯುತ್ತದೆ. ‘ತಳದಲ್ಲಿ ಚೂರು ಸಿಕ್ಕಿದೆ’ ಎಂದು ಹೇಳುವ ಸೆನ್ಸರ್ ಇಲ್ಲ. ಅಂಕಿಗಳನ್ನು ಜೋಡಿಸಿ ಊಹಿಸುವ ಕೆಲಸ ಮನುಷ್ಯನದೇ. ನಮ್ಮ ಗಾಡಿಗೂ ಇದೇ ಸೂತ್ರ. ಇಂಜಿನ್ ಅಬ್ಬರಿಸಿಯೂ ವೇಗ ಏರದಿದ್ದರೆ ಕ್ಲಚ್ ಜಾರುತ್ತಿರಬಹುದು. ಒಂದೇ ಚಕ್ರ ಅತಿಯಾಗಿ ಕಾದಿದ್ದರೆ ಬ್ರೇಕ್ ಹಿಡಿದುಕೊಂಡಿರಬಹುದು. ಇವೆರಡರಲ್ಲೂ ಇಂಜಿನ್ ನಿರಪರಾಧಿ. ಇಷ್ಟೂ ನೋಡದೆ ಅಮಾವಾಸ್ಯೆಗೆ ಬಂಪರಿಗೆ ನಿಂಬೆ, ಮೆಣಸಿನಕಾಯಿ ಕಟ್ಟಿ ದೃಷ್ಟಿ ತೆಗೆಯುವವರಿಗೆ ಹೇಳುವುದಿಷ್ಟೇ: ಹಿಡಿದ ಬ್ರೇಕಿಗೆ ನಿಂಬೆಯ ಪರಿಚಯವಿಲ್ಲ. ಗ್ಯಾರೇಜಿನಲ್ಲಿ ‘ಇಂಜಿನ್ ನೋಡಿ’ ಎನ್ನುವ ಬದಲು, ಏರಿನಲ್ಲೋ ಸಮದಾರಿಯಲ್ಲೋ, ಯಾವ ಗೇರಿನಲ್ಲಿ ಪಿಕಪ್ ಹೋಯಿತೆಂದು ಹೇಳಿ. ಮೇಸ್ತ್ರಿಯ ಅರ್ಧ ಕೆಲಸ ಉಳಿಯುತ್ತದೆ, ನಿಮ್ಮ ಹಣವೂ.