ಮನೆ, ಗೋದಾಮು ಮತ್ತು ಜೀಪಿಗೆ ಇಲಿ ಬಾರದಂತೆ ತಡೆಯುವ ಬಗೆ

ಮುಂಗಾರು ಹಿಡಿದ ಮೇಲೆ ಮಲೆನಾಡಿನ ಮನೆಗಳಲ್ಲಿ ಇಲಿಗಳ ಉಪದ್ರವ ಹೆಚ್ಚುವುದು ಬೆಳೆಗಾರ ಬಾಂಧವರಿಗೆಲ್ಲ ಅನುಭವದ ಮಾತು. ತೋಟದ ಬಿಲಗಳಿಗೆ ನೀರು ನುಗ್ಗಿದಾಗ ಅವು ಬೆಚ್ಚಗಿನ, ಒಣಗಿದ ಜಾಗ ಹುಡುಕಿಕೊಂಡು ಬರುತ್ತವೆ. ಅಂಥ ಜಾಗವೆಂದರೆ ನಮ್ಮ ಅಟ್ಟ, ನಮ್ಮ ಗೋದಾಮು, ಈಚೆಗೆ ನಮ್ಮ ಜೀಪಿನ ಬಾನೆಟ್ಟು. ಬಂದ ಮೇಲೆ ಓಡಿಸುವುದಕ್ಕಿಂತ ಬಾರದಂತೆ ತಡೆಯುವುದೇ ಸುಲಭವೂ ಅಗ್ಗವೂ ಆದ ದಾರಿ. ಆದ್ದರಿಂದ ಮೇ ತಿಂಗಳಲ್ಲೇ ಮಾಡಿ ಮುಗಿಸಬೇಕಾದ ಕೆಲಸಗಳನ್ನು ಇಲ್ಲಿ ವಿವರಿಸಿದ್ದೇವೆ.

ಇಲಿಯ ಸ್ವಭಾವ

ನಮ್ಮನ್ನು ಕಾಡುವುದು ಮುಖ್ಯವಾಗಿ ಮೂರು ಬಗೆ: ಚಿಟ್ಟಿಲಿ, ಮಾಡು ಹತ್ತುವ ಮನೆ ಇಲಿ, ಬಿಲ ತೋಡುವ ಹೆಗ್ಗಣ. ಇಲಿಯ ಮುಂದಿನ ಹಲ್ಲುಗಳು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತವೆ. ಏನನ್ನಾದರೂ ಕಡಿಯುತ್ತ ಇದ್ದರಷ್ಟೇ ಅವು ಸವೆದು ಹದದಲ್ಲಿ ಉಳಿಯುತ್ತವೆ. ಹೀಗಾಗಿ ತಿನ್ನಲಾಗದ ತಂತಿ, ಗೋಣಿಚೀಲ, ಮರದ ಬಾಗಿಲುಗಳನ್ನೂ ಅದು ಬಿಡದು. ಚಿಟ್ಟಿಲಿ ಮೂರು ವಾರಕ್ಕೆ ಮರಿ ಹಾಕುತ್ತದೆ. ಆ ಮರಿಗಳು ಒಂದೂವರೆ ಎರಡು ತಿಂಗಳಲ್ಲಿ ತಾವೇ ಮರಿ ಹಾಕಲು ಸಿದ್ಧವಾಗುತ್ತವೆ. ಒಂದು ಜೋಡಿಯನ್ನು ಅಸಡ್ಡೆ ಮಾಡಿದರೆ ಮಳೆಗಾಲ ಮುಗಿಯುವಷ್ಟರಲ್ಲಿ ಒಂದು ಸಂಸಾರವೇ ಆಗಿರುತ್ತದೆ.

ಮನೆ ಮತ್ತು ಗೋದಾಮು

ಚಿಟ್ಟಿಲಿಗೆ 6 ಮಿಲಿಮೀಟರ್ ಸಂದು, ಅಂದರೆ ಪೆನ್ಸಿಲ್ಲಿನ ಗಾತ್ರದ ತೂತು ಸಾಕು. ಒಂದು ಪೆನ್ಸಿಲ್ ಹಿಡಿದು ಗೋಡೆಯ ಸುತ್ತ ನೋಡುತ್ತ ಬನ್ನಿ. ಅದು ತೂರುವ ಕಡೆಯೆಲ್ಲ ಇಲಿಗೆ ದಾರಿಯುಂಟು. ಗೋಡೆಯ ತೂತುಗಳನ್ನು ಗಾಜಿನ ಚೂರು ಬೆರೆಸಿದ ಸಿಮೆಂಟಿನಿಂದ ಮುಚ್ಚಬೇಕು. ಬರೀ ಮಣ್ಣು ಮೆತ್ತಿದರೆ ಮರುರಾತ್ರಿಯೇ ತೋಡುತ್ತವೆ. ಬಚ್ಚಲು ನೀರಿನ ಕಿಂಡಿಗೆ ಹಾಗೂ ಹಂಚಿನ ಮಾಡು ಗೋಡೆಗೆ ಸೇರುವ ಸಂದಿಗೆ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ, ಬಾಗಿಲಿನ ಅಡಿಗೆ ತಗಡಿನ ಪಟ್ಟಿ ಹೊಡೆಸಬೇಕು. ಮಾಡಿಗೆ ತಾಗುವ ಅಡಿಕೆ ಸೋಗೆ, ಮರದ ಕೊಂಬೆಗಳನ್ನು ನಾಲ್ಕೈದು ಅಡಿ ದೂರಕ್ಕೆ ಕಡಿಸಬೇಕು. ಸೌದೆ ರಾಶಿ, ಅಡಿಕೆ ಸಿಪ್ಪೆಯ ರಾಶಿ ಗೋಡೆಗೆ ಒತ್ತಿ ಇರಕೂಡದು.

ಕಾಫಿಗೆ ಹೊರಗಿನ ವಾಸನೆ ಬೇಗ ಹಿಡಿಯುತ್ತದೆ. ಇಲಿ ತಿಂದ ಬೀಜಕ್ಕಿಂತ ಅದರ ಮೂತ್ರ ಬಿದ್ದ ಚೀಲದಿಂದ ಆಗುವ ನಷ್ಟ ಹೆಚ್ಚು. ಚೀಲಗಳನ್ನು ಮರದ ಹಲಗೆಗಳ ಮೇಲೆ, ಗೋಡೆಯಿಂದ ಎರಡಡಿ ಬಿಟ್ಟು ಜೋಡಿಸಿರಿ. ಸುತ್ತ ನಡೆದು ನೋಡಲು ಜಾಗವಿದ್ದರೆ ಹೊಸ ಹಿಕ್ಕೆ ಕಣ್ಣಿಗೆ ಬೀಳುತ್ತದೆ.

ವಾಹನಗಳು

ಕಳೆದ ಮಳೆಗಾಲದಲ್ಲಿ ಸದಸ್ಯರೊಬ್ಬರು ತಾಯಿಯವರನ್ನು ರಾತ್ರಿ ಆಸ್ಪತ್ರೆಗೆ ಒಯ್ಯುತ್ತಿದ್ದಾಗ ಜೀಪಿನ ದೀಪಗಳು ದಾರಿಯಲ್ಲೇ ಆರಿದವು. ಬಾನೆಟ್ ತೆಗೆದರೆ ತಂತಿಗಳು ಕಡಿದಿದ್ದವು, ಗಾಳಿ ಫಿಲ್ಟರಿನ ಡಬ್ಬಿಯಲ್ಲಿ ಒಣಹುಲ್ಲಿನ ಗೂಡಿತ್ತು. ತಂತಿಯ ಹೊದಿಕೆ ಹೋದರೆ ದೀಪ ಆರುವುದಷ್ಟೇ ಅಲ್ಲ, ಕಿಡಿ ಹಾರಿ ಬೆಂಕಿಯೂ ಹೊತ್ತಬಹುದು.

ವಾಹನವನ್ನು ಸಿಪ್ಪೆ, ಸೌದೆ, ಹಿಂಡಿ ಚೀಲಗಳ ಪಕ್ಕ ನಿಲ್ಲಿಸಬೇಡಿ. ಒಳಗೆ ತಿಂಡಿಯ ಚೂರು ಬಿಡಬೇಡಿ. ಮಳೆಗಾಲದಲ್ಲಿ ಓಡಾಟವಿಲ್ಲದಿದ್ದರೂ ಎರಡು ಮೂರು ದಿನಕ್ಕೊಮ್ಮೆ ಹೊರಗೆ ತೆಗೆದು ಓಡಿಸಿರಿ; ಚಾಲೂ ಮಾಡುವ ಮುನ್ನ ಬಾನೆಟ್ ತೆಗೆದು ನೋಡಿರಿ. ಚಕ್ರಗಳ ಬಳಿ ರಾತ್ರಿ ಬೋನು ಇಡಬಹುದು. ಹೊಗೆಸೊಪ್ಪು, ನುಸಿಗುಳಿಗೆಗಳ ವಾಸನೆಗೆ ಇಲಿ ಕೆಲವೇ ದಿನದಲ್ಲಿ ಹೊಂದಿಕೊಳ್ಳುತ್ತದೆ, ಅವನ್ನೇ ನಂಬಿ ಕೂರಬಾರದು. ಇಂಜಿನ್ನಿನ ಮೇಲೆ ಬಟ್ಟೆ, ಕಾಗದ ಇಡುವುದಂತೂ ಅಪಾಯ.

ಬೋನು ಮತ್ತು ವಿಷ

ಮನೆಯೊಳಗೆ ಬೋನೇ ಮೇಲು. ಇಲಿ ಗೋಡೆಯಂಚಿನಲ್ಲೇ ಓಡಾಡುವುದರಿಂದ ಬೋನನ್ನು ಗೋಡೆಗೆ ತಾಗಿಸಿ ಇಡಬೇಕು. ಎರಡು ದಿನ ಬಾಗಿಲು ಹಾಕದೆ ಸುಟ್ಟ ಕೊಬ್ಬರಿಯನ್ನೋ ಒಣಮೀನನ್ನೋ ಇಟ್ಟು, ಸಲಿಗೆ ಬಂದ ಮೇಲೆ ಹೂಡಬೇಕು.

ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲದೊಡನೆ ಸೇರಿ ಫಾಸ್ಫೀನ್ ಎಂಬ ವಿಷಾನಿಲವಾಗುತ್ತದೆ. ಇದಕ್ಕೆ ಪ್ರತಿವಿಷವಿಲ್ಲ. ಮಕ್ಕಳಿರುವ ಮನೆಯೊಳಗೆ, ಗೋದಾಮಿನಲ್ಲಿ ಇದನ್ನು ತರಲೇಬಾರದು. ಬ್ರೊಮಡಿಯೋಲೋನ್ ಬಿಲ್ಲೆ ತಿಂದ ಇಲಿ ಕೆಲವು ದಿನಗಳ ನಂತರ ರಕ್ತಸ್ರಾವದಿಂದ ಸಾಯುತ್ತದೆ. ಇದಕ್ಕೆ ಕೆ1 ಜೀವಸತ್ವದ ಚಿಕಿತ್ಸೆ ಉಂಟು. ಆದರೂ ಬಿಲ್ಲೆಯನ್ನು ಮಕ್ಕಳ, ನಾಯಿಯ ಕೈಗೆ ಬಾಯಿಗೆ ಸಿಗದಂತೆ ಡಬ್ಬಿಯೊಳಗಿಡಬೇಕು. ಯಾರಾದರೂ ನುಂಗಿದರೆ ಮನೆಮದ್ದು ಮಾಡುತ್ತ ಕೂರದೆ ವಿಷದ ಪೊಟ್ಟಣದೊಡನೆ ಆಸ್ಪತ್ರೆಗೆ ಧಾವಿಸಬೇಕು. ಸತ್ತ ಇಲಿಗಳನ್ನು ಆಳವಾಗಿ ಹೂಳಬೇಕು, ಇಲ್ಲವಾದರೆ ವಿಷ ಬೆಕ್ಕಿಗೂ ಗೂಬೆಗೂ ಮುಟ್ಟುತ್ತದೆ. ತೋಟದಲ್ಲಿ ಇಲಿ ಹಿಡಿಯುವ ಗೂಬೆ, ಕೇರೆ ಹಾವುಗಳು ಸಂಬಳವಿಲ್ಲದ ಆಳುಗಳು. ವಿಷವಿಲ್ಲದ ಕೇರೆಯನ್ನು ಹೊಡೆಯಬೇಡಿ.

ಇಲಿ ಜ್ವರ

ಎಲ್ಲಕ್ಕಿಂತ ದೊಡ್ಡ ಮಾತು ಇದು. ಇಲಿಯ ಮೂತ್ರದಲ್ಲಿ ಬರುವ ಲೆಪ್ಟೊಸ್ಪೈರಾ ಎಂಬ ರೋಗಾಣು ಕೆಸರಿನಲ್ಲಿ, ನಿಂತ ನೀರಿನಲ್ಲಿ ಬದುಕಿದ್ದು, ಕಾಲಿನ ಬಿರುಕು ಗಾಯಗಳ ಮೂಲಕ ಒಳಸೇರುತ್ತದೆ. ಜೋರಾದ ಜ್ವರ, ತಲೆನೋವು, ಮೀನಖಂಡದ ನೋವು, ಕೆಂಪಗಾದ ಕಣ್ಣು ಇದರ ಲಕ್ಷಣ. ಅಲಕ್ಷಿಸಿದರೆ ಮೂತ್ರಪಿಂಡ, ಪಿತ್ತಜನಕಾಂಗ ಕೆಟ್ಟು ಪ್ರಾಣವೇ ಹೋಗಬಹುದು. ಮೊದಲಲ್ಲೇ ವೈದ್ಯರಲ್ಲಿಗೆ ಹೋದರೆ ಸಾಮಾನ್ಯ ಔಷಧಿಯಿಂದ ಗುಣವಾಗುತ್ತದೆ. ಕೆಸರಿನಲ್ಲಿ ದುಡಿಯುವ ಆಳುಗಳಿಗೆ ಗಂಬೂಟು ಕೊಡಿಸಿರಿ. ಜ್ವರ ಬಂದಾಗ ತೋಟದ ಕೆಲಸದ ಸಂಗತಿಯನ್ನು ವೈದ್ಯರಿಗೆ ಹೇಳಲು ತಿಳಿಸಿರಿ. ಹಿಕ್ಕೆಯನ್ನು ಒಣಗಿದಂತೆಯೇ ಗುಡಿಸದೆ, ಬ್ಲೀಚಿಂಗ್ ಪುಡಿಯ ನೀರು ಚಿಮುಕಿಸಿ ಸ್ವಲ್ಪ ಹೊತ್ತು ಬಿಟ್ಟು, ಕೈಗವಸು ತೊಟ್ಟು ಒರೆಸಬೇಕು.

ಒಬ್ಬರ ಮನೆಯಿಂದ ಓಡಿಸಿದ ಇಲಿ ಪಕ್ಕದ ಮನೆ ಸೇರುತ್ತದೆ. ಆದ್ದರಿಂದ ಒಂದು ಕೇರಿಯ, ಒಂದು ಲೈನಿನ ಮನೆಗಳವರು ಕೂಡಿ ಒಂದೇ ವಾರದಲ್ಲಿ ತೂತು ಮುಚ್ಚಿ ಬೋನು ಇಟ್ಟರೆ ಫಲ ಹೆಚ್ಚು. ಸದಸ್ಯ ಬಾಂಧವರು ಮಳೆ ಬೀಳುವ ಮುನ್ನ ಈ ಕೆಲಸಕ್ಕೆ ಎರಡು ದಿನ ಮೀಸಲಿಡಬೇಕೆಂದು ಕೋರುತ್ತೇವೆ.